ಒಂದೇ ಕಸುಬಿನ ಎರಡು ಗಡಿಯಾರಗಳು

ನಮ್ಮ ಮಾಸಿಕದ ಪುಟಗಳಲ್ಲಿ ಗ್ರಂಥ ವಿಮರ್ಶೆ ಬರುತ್ತದೆ, ನಾಟಕ ವಿಮರ್ಶೆ ಬರುತ್ತದೆ, ಆಗೀಗ ಸಂಗೀತ ಕಚೇರಿಗಳ ಗುಣದೋಷಗಳ ಚರ್ಚೆಯೂ ನಡೆಯುತ್ತದೆ. ಆದರೆ ದುಡಿದ ಹಣ ಕೊಟ್ಟು ಕೊಂಡು, ದಿನವಿಡೀ ಮೈಮೇಲೆ ಧರಿಸಿ, ಕೊನೆಗೆ ಮಕ್ಕಳಿಗೆ ಬಿಟ್ಟುಹೋಗುವ ವಸ್ತುಗಳನ್ನು ಒರೆಗಲ್ಲಿಗೆ ಹಚ್ಚಿ ನೋಡುವ ರೂಢಿ ನಮ್ಮಲ್ಲಿ ಕಡಿಮೆ. ಅಂಥ ವಸ್ತುಗಳಲ್ಲಿ ಕೈಗಡಿಯಾರಕ್ಕೆ ಮೊದಲ ಸಾಲಿನ ಸ್ಥಾನ. ಊರು ಬಿಟ್ಟು ಬಂದ ನಮ್ಮ ಮನೆತನಗಳಲ್ಲಿ ಗಡಿಯಾರವೆಂದರೆ ಬರಿಯ ವೇಳೆ ತೋರಿಸುವ ಯಂತ್ರವಲ್ಲ. ಮಗ ಪರೀಕ್ಷೆ ಪಾಸಾದಾಗ, ಅಳಿಯ ಮನೆಗೆ ಬಂದಾಗ, ಮೊದಲ ಸಂಬಳ ಕೈಸೇರಿದಾಗ, ನಿವೃತ್ತಿಯ ದಿನ ಹಾರ ಹಾಕಿದಾಗ ಕೊಡುವ ವಸ್ತು ಅದು. ಹಾಗಾಗಿ ‘ಎಷ್ಟು ಬೆಲೆಯ ಗಡಿಯಾರ ಸಾಕು?’ ಎಂಬ ಪ್ರಶ್ನೆ ಅಪ್ಪ ಮಕ್ಕಳ ನಡುವೆ ಇಂದಿಗೂ ವಾದಕ್ಕೆ ಕಾರಣವಾಗುತ್ತಲೇ ಇದೆ.

ಈ ವಾದವನ್ನು ಬರಿಯ ಮಾತಿನಲ್ಲಿ ತೀರ್ಮಾನಿಸುವ ಬದಲು, ಒಂದೇ ಕಸುಬಿಗೆ ಹುಟ್ಟಿದ ಎರಡು ಗಡಿಯಾರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಲೇಸೆಂದು ನಮಗೆ ತೋರಿತು. ಒಂದು, ಸ್ವಿಟ್ಜರ್ಲೆಂಡಿನ ರೋಲೆಕ್ಸ್ ಸಬ್‌ಮರೀನರ್. ಇನ್ನೊಂದು, ಜಪಾನಿನ ಸೀಕೋ ಕಂಪನಿಯ ಎಸ್‌ಕೆಎಕ್ಸ್ 007. ಎರಡೂ ಮುಳುಗುಗಾರರ ಗಡಿಯಾರಗಳು. ಎರಡೂ ಸ್ವಯಂಚಾಲಿತ, ಅಂದರೆ ಆಟೊಮ್ಯಾಟಿಕ್. ಎರಡಕ್ಕೂ ಕಪ್ಪು ಮುಖ, ಉಕ್ಕಿನ ಮೈ, ತಿರುಗುವ ಬಳೆ. ಸಬ್‌ಮರೀನರಿನ ತಾರೀಖಿಲ್ಲದ ಹೊಸ ಮಾದರಿ 2020ರ ಸೆಪ್ಟೆಂಬರಿನಲ್ಲಿ ಹೊರಬಂದಾಗ ಅಮೆರಿಕದಲ್ಲಿ ಅದರ ಬೆಲೆ 8,100 ಡಾಲರು. ಅಂದಿನ ವಿನಿಮಯದಲ್ಲಿ ಸುಮಾರು ಆರು ಲಕ್ಷ ರೂಪಾಯಿ. ಸೀಕೋ ಗಡಿಯಾರ ತಯಾರಿಕೆಯಲ್ಲಿದ್ದ ಕೊನೆಯ ವರ್ಷಗಳಲ್ಲಿ ಅಂಗಡಿಗಳಲ್ಲಿ 200 ಡಾಲರಿನ ಆಸುಪಾಸಿಗೆ, ಅಂದರೆ ಹದಿನಾಲ್ಕು ಹದಿನೈದು ಸಾವಿರ ರೂಪಾಯಿಗೆ ಸಿಗುತ್ತಿತ್ತು. ಒಂದಕ್ಕೆ ಇನ್ನೊಂದರ ಸುಮಾರು ನಲವತ್ತು ಪಟ್ಟು ಬೆಲೆ. ಈ ನಲವತ್ತು ಪಟ್ಟು ಹಣ ಎಲ್ಲಿಗೆ ಹೋಗುತ್ತದೆ ಎಂಬುದೇ ನಮ್ಮ ವಿಮರ್ಶೆಯ ವಿಷಯ.

ಮೊದಲು ಕಸುಬಿನ ಮಾತು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲಿಗೆ ಇಳಿದವನಿಗೆ ಎಲ್ಲಕ್ಕಿಂತ ಮುಖ್ಯವಾದುದು, ಇಳಿದು ಎಷ್ಟು ಹೊತ್ತಾಯಿತು ಎಂಬ ಲೆಕ್ಕ. ಆ ಲೆಕ್ಕ ತಪ್ಪಿದರೆ ಉಸಿರೇ ಮುಗಿಯುತ್ತದೆ. ಇಲ್ಲವೆ ಮೇಲಕ್ಕೆ ಬರುವ ಕ್ರಮ ತಪ್ಪಿ ರಕ್ತದಲ್ಲಿ ಗಾಳಿಗುಳ್ಳೆಗಳು ಹುಟ್ಟಿ ಪ್ರಾಣಕ್ಕೆ ಕುತ್ತಾಗುತ್ತದೆ. ಅದಕ್ಕಾಗಿಯೇ ಗಾಜಿನ ಸುತ್ತ ಅರವತ್ತು ನಿಮಿಷದ ಗೆರೆಗಳಿರುವ ಒಂದು ತಿರುಗುಬಳೆ. ನೀರಿಗೆ ಇಳಿಯುವಾಗ ಬಳೆಯ ಗುರುತನ್ನು ನಿಮಿಷದ ಮುಳ್ಳಿನ ಎದುರಿಗೆ ತಂದು ನಿಲ್ಲಿಸಿದರೆ, ಮುಂದೆ ಕಳೆದ ನಿಮಿಷಗಳನ್ನು ನೇರವಾಗಿ ಓದಬಹುದು. ಈ ಬಳೆ ಒಂದೇ ದಿಕ್ಕಿಗೆ ತಿರುಗಬೇಕು ಎಂಬುದರಲ್ಲಿ ದೊಡ್ಡ ವಿವೇಕವಿದೆ. ಬಂಡೆಗೆ ತಾಗಿ ಬಳೆ ಸರಿದರೂ ಕಳೆದ ಸಮಯ ಇದ್ದುದಕ್ಕಿಂತ ಹೆಚ್ಚಾಗಿ ಕಾಣಬೇಕೇ ಹೊರತು ಕಡಿಮೆಯಾಗಿ ಕಾಣಬಾರದು. ತಪ್ಪಿದರೂ ಜೀವದ ಕಡೆಗೇ ತಪ್ಪಬೇಕೆಂಬ ಎಚ್ಚರ ಅದು. 1953ರಲ್ಲಿ ಬ್ಲಾಂಪಾಂ ಕಂಪನಿ ಫ್ರೆಂಚ್ ನೌಕಾಪಡೆಯ ಮುಳುಗುಗಾರರಿಗಾಗಿ ಇಂಥ ಗಡಿಯಾರವನ್ನು ತಂದಿತು. ಅದೇ ವರ್ಷ ರೋಲೆಕ್ಸ್ ಸಬ್‌ಮರೀನರ್ ಹುಟ್ಟಿತು. ಆಗ ಅದು ತಡೆಯುತ್ತಿದ್ದುದು 100 ಮೀಟರ್ ಆಳ. ಅದರ ಬಳೆ ಎರಡೂ ಕಡೆ ತಿರುಗುತ್ತಿತ್ತು. ಏಕಮುಖದ ಬಳೆ ರೋಲೆಕ್ಸಿಗೆ ಬಂದದ್ದು ಬಹಳ ವರ್ಷಗಳ ತರುವಾಯ.

ಆಟೊಮ್ಯಾಟಿಕ್ ಎಂಬ ಮಾತು ನಮ್ಮ ಹಿರಿಯರಿಗೆ ಹೊಸತಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಕಟ್ಟತೊಡಗಿದ ಎಚ್‌ಎಂಟಿಯ ‘ಜನತಾ’ಕ್ಕೆ ದಿನಾ ಬೆಳಿಗ್ಗೆ ಕೀ ಕೊಡಬೇಕಿತ್ತು; ಅದೇ ಎಚ್‌ಎಂಟಿಯ ‘ಕಾಂಚನ್’ ಆಟೊಮ್ಯಾಟಿಕ್ ಆದುದರಿಂದಲೇ ಮದುವೆ ಮನೆಗಳಲ್ಲಿ ಅದಕ್ಕೆ ಅಷ್ಟು ಬೇಡಿಕೆ. ಒಳಗೆ ಅರ್ಧಚಂದ್ರಾಕಾರದ ಒಂದು ತೂಕದ ತಗಡು ಇರುತ್ತದೆ. ಕೈ ಆಡಿದಂತೆಲ್ಲ ಅದು ಸುತ್ತಿ ಸ್ಪ್ರಿಂಗನ್ನು ಬಿಗಿಯುತ್ತದೆ. ಬ್ಯಾಟರಿ ಇಲ್ಲ. ಕಟ್ಟಿಕೊಂಡವನ ನಡೆದಾಟವೇ ಅದರ ಆಹಾರ. ನಮ್ಮ ಎರಡು ಗಡಿಯಾರಗಳೂ ಇದೇ ತತ್ತ್ವದವು.

ಇನ್ನು ವಂಶಾವಳಿ. ರೋಲೆಕ್ಸ್ ಹುಟ್ಟಿದ್ದು 1905ರಲ್ಲಿ, ಲಂಡನ್ನಿನಲ್ಲಿ, ಹ್ಯಾನ್ಸ್ ವಿಲ್ಸ್‌ಡಾರ್ಫ್ ಎಂಬ ಜರ್ಮನ್ ವ್ಯಾಪಾರಿಯ ಕೈಯಲ್ಲಿ. ನೀರು ಹೊಗದ ‘ಆಯ್ಸ್ಟರ್’ ಪೆಟ್ಟಿಗೆ 1926ರಲ್ಲಿ, ತಾನೇ ಸುತ್ತಿಕೊಳ್ಳುವ ‘ಪರ್ಪೆಚುಯಲ್’ ಯಂತ್ರ 1931ರಲ್ಲಿ ಬಂದವು. ವಿಲ್ಸ್‌ಡಾರ್ಫ್ ಯಂತ್ರವನ್ನು ಎಷ್ಟು ಬಲ್ಲವನೋ ಜಾಹೀರಾತನ್ನೂ ಅಷ್ಟೇ ಬಲ್ಲವನಾಗಿದ್ದ. 1927ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಗೆ ಈಜಲು ಇಳಿದ ಮರ್ಸಿಡಿಸ್ ಗ್ಲೈಟ್ಸ್ ಎಂಬ ತರುಣಿಯೊಡನೆ ತನ್ನ ಗಡಿಯಾರವನ್ನು ಕಳಿಸಿ, ಅದು ನೀರಲ್ಲೂ ನಡೆಯಿತೆಂದು ಪತ್ರಿಕೆಯ ಮುಖಪುಟದಲ್ಲಿ ಸಾರಿದ. 1962ರಲ್ಲಿ ‘ಡಾಕ್ಟರ್ ನೋ’ ಚಿತ್ರದಲ್ಲಿ ಜೇಮ್ಸ್ ಬಾಂಡನ ಪಾತ್ರಧಾರಿ ಶಾನ್ ಕಾನರಿಯ ಕೈಯಲ್ಲಿ ಸಬ್‌ಮರೀನರ್ ಕಾಣಿಸಿಕೊಂಡ ಮೇಲಂತೂ ಕಡಲಿನ ಗಡಿಯಾರ ಕೋಟಿನ ತೋಳಿನೊಳಗೆ ಸೇರಿಕೊಂಡಿತು.

ಸೀಕೋದ ಕಥೆ ಬೇರೆ ಬಗೆಯದು. 1881ರಲ್ಲಿ ಕಿಂತಾರೊ ಹಟ್ಟೊರಿ ಟೋಕಿಯೋದಲ್ಲಿ ಇಟ್ಟ ಅಂಗಡಿಯಿಂದ ಬೆಳೆದ ಕಂಪನಿ ಅದು. ಅದರ ಮೊದಲ ಮುಳುಗು ಗಡಿಯಾರ 1965ರದು, 150 ಮೀಟರಿನದು. 1968ರಲ್ಲಿ ಹಿರೋಶಿಮಾ ಪ್ರಾಂತದ ಒಬ್ಬ ವೃತ್ತಿಪರ ಮುಳುಗುಗಾರ, ಅತಿ ಆಳದ ಕೆಲಸಕ್ಕೆ ಇರುವ ಗಡಿಯಾರಗಳು ತಾಳುವುದಿಲ್ಲವೆಂದು ಕಂಪನಿಗೆ ಕಾಗದ ಬರೆದ. ಕಂಪನಿ ಆ ಕಾಗದವನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಏಳು ವರ್ಷ ದುಡಿದು 1975ರಲ್ಲಿ 600 ಮೀಟರ್ ಆಳದ, ಟೈಟಾನಿಯಂ ಪೆಟ್ಟಿಗೆಯ ಗಡಿಯಾರವನ್ನು ತಂದಿತು. ಬಳಸುವವನ ದೂರನ್ನು ಕೇಳಿ ಕಲಿಯುವ ಈ ಗುಣ 1996ರಲ್ಲಿ ಬಂದ ಎಸ್‌ಕೆಎಕ್ಸ್ 007ರಲ್ಲಿ ಅಗ್ಗದ ಬೆಲೆಗೆ ಇಳಿದು ಬಂತು. ಕೊಲ್ಲಿ ದೇಶಗಳಿಂದ ರಜೆಗೆ ಬರುತ್ತಿದ್ದ ನಮ್ಮ ಕರಾವಳಿಯ ಬಂಧುಗಳು ತರುತ್ತಿದ್ದ ‘ಸೀಕೋ ಫೈವ್’ ಗಡಿಯಾರಗಳನ್ನು ನೆನೆಸಿಕೊಳ್ಳಬಲ್ಲವರಿಗೆ ಇದು ಅವುಗಳದೇ ಗಟ್ಟಿಮುಟ್ಟಾದ ತಮ್ಮನೆಂದು ಹೇಳಿದರೆ ಸಾಕು.

ಈಗ ಪರೀಕ್ಷೆಗೆ ಬರೋಣ. ಮೊದಲನೆಯದು ನೀರು. ಸೀಕೋದ ಮುಖದ ಮೇಲೆ ‘ಡೈವರ್ಸ್ 200 ಮೀಟರ್’ ಎಂದು ಬರೆದಿದೆ. ಇದು ಅಲಂಕಾರದ ಬರಹವಲ್ಲ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ 6425ನೆಯ ಮಾನಕಕ್ಕೆ ಒಪ್ಪಿದ ಗಡಿಯಾರಗಳಿಗೆ ಮಾತ್ರ ಆ ಮಾತು ಸಲ್ಲುತ್ತದೆ. ಆ ಮಾನಕದಂತೆ ಗಡಿಯಾರವು ಹೇಳಿದ ಆಳಕ್ಕಿಂತ ಕಾಲು ಪಾಲು ಹೆಚ್ಚು ಒತ್ತಡವನ್ನು ತಡೆಯಬೇಕು; ಉಪ್ಪುನೀರಿನಲ್ಲಿ 24 ಗಂಟೆ ಇದ್ದರೂ ಕೆಡಬಾರದು; ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ವೇಳೆ ಕಾಣಬೇಕು; ಗಡಿಯಾರ ನಡೆಯುತ್ತಿದೆ ಎಂಬುದೂ ಕಾಣಬೇಕು. ರೋಲೆಕ್ಸ್ ಹೇಳಿಕೊಳ್ಳುವುದು 300 ಮೀಟರ್. ಅಲ್ಲಿಯೂ ಪ್ರತಿಯೊಂದು ಗಡಿಯಾರವನ್ನು ಕಾಲು ಪಾಲು ಹೆಚ್ಚು ಒತ್ತಡದಲ್ಲಿ ಪರೀಕ್ಷಿಸುತ್ತಾರೆ. ಹಾಗಾದರೆ ರೋಲೆಕ್ಸ್ ನೂರು ಮೀಟರ್ ಮೇಲಲ್ಲವೇ ಎಂದು ಓದುಗರು ಕೇಳಬಹುದು. ಅಂಕೆಯಲ್ಲಿ ಹೌದು. ಆದರೆ ಹವ್ಯಾಸಕ್ಕೆ ಮುಳುಗುವವರ ಮಿತಿ 40 ಮೀಟರ್. ನಮ್ಮ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದಲ್ಲಿ ಮುಳುಗಲು ಹೋಗುವವರು ಇಳಿಯುವುದು ಅದಕ್ಕಿಂತಲೂ ಕಡಿಮೆ ಆಳಕ್ಕೆ. ಅಲ್ಲಿ ಎರಡೂ ಗಡಿಯಾರಗಳು ಸಮಾನ. ಐವತ್ತು ಜನರ ಊಟಕ್ಕೆ ಇನ್ನೂರು ಜನರ ಹಂಡೆಯಾದರೇನು, ಮುನ್ನೂರು ಜನರದಾದರೇನು?

ಎರಡನೆಯದು ಕಣ್ಣಿಗೆ ಕಾಣುವ ಗುಣ. ಈ ಪರೀಕ್ಷೆಯಲ್ಲಿ ಅಗ್ಗದ ಗಡಿಯಾರ ಸೋಲುವುದಿಲ್ಲ. ಸೀಕೋದ ದಪ್ಪ ಮುಳ್ಳುಗಳೂ ದುಂಡು ಗುರುತುಗಳೂ ಕತ್ತಲ ಕೋಣೆಯಲ್ಲಿ ಹಸಿರಾಗಿ ಹೊತ್ತಿಕೊಂಡಂತೆ ಬೆಳಗುತ್ತವೆ. ರೋಲೆಕ್ಸಿನದು ನೀಲಿ ಬೆಳಕು. ರಾತ್ರಿಯಿಡೀ ಸಮನಾಗಿ ನಿಲ್ಲುವಂಥದು. ಸೀಕೋ ಇನ್ನೊಂದು ಉಪಕಾರ ಮಾಡುತ್ತದೆ: ವಾರವನ್ನೂ ತಾರೀಖನ್ನೂ ತೋರಿಸುತ್ತದೆ. ನಾವು ಹೇಳುತ್ತಿರುವ ಸಬ್‌ಮರೀನರಿಗೆ ಎರಡೂ ಇಲ್ಲ. ತಾರೀಖು ಬೇಕಾದವನು ಸಾವಿರ ಡಾಲರು ಹೆಚ್ಚು ತೆತ್ತು ಬೇರೆ ಮಾದರಿ ಕೊಳ್ಳಬೇಕು. ಆಗಲೂ ವಾರ ಸಿಗುವುದಿಲ್ಲ.

ಮೂರನೆಯದು ಬಳೆ. ಸೀಕೋದ ಬಳೆ ಒಂದು ಸುತ್ತಿಗೆ 120 ಸಲ ‘ಟಿಕ್’ ಎನ್ನುತ್ತದೆ. ಕೆಲಸಕ್ಕೆ ಮೋಸವಿಲ್ಲ, ಆದರೆ ಒಂದೊಂದು ಗಡಿಯಾರದಲ್ಲಿ ಬಳೆಯ ಗುರುತೂ ಮುಖದ ಗುರುತೂ ಕೂದಲೆಳೆಯಷ್ಟು ಓರೆಯಾಗಿರುತ್ತವೆ. ಈ ದೋಷ ಸೀಕೋ ಬಳಗದಲ್ಲಿ ಪ್ರಸಿದ್ಧವೇ ಆಗಿದೆ. ರೋಲೆಕ್ಸಿನದು ಪಿಂಗಾಣಿಯಂಥ ಸಿರಾಮಿಕ್ ಬಳೆ. ಅದರ ಅಂಕೆಗಳಲ್ಲಿ ಪ್ಲಾಟಿನಂ ಲೇಪವಿದೆ. ಸುಲಭವಾಗಿ ಗೀರು ಬೀಳುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ, ಬೆರಳಿನಡಿಯಲ್ಲಿ ಬೆಣ್ಣೆ ಕೊಯ್ದಂತೆ ತಿರುಗುತ್ತದೆ. ಕಡಲಿಗೆ ಇಳಿಯದ ನಮ್ಮಂಥವರಿಗೂ ಬಳೆ ನಿರುಪಯೋಗಿಯಲ್ಲವೆಂದು ಇಲ್ಲಿಯೇ ಹೇಳಿಬಿಡಬೇಕು. ಒಲೆಯ ಮೇಲೆ ಬೇಳೆ ಇಟ್ಟ ಹೊತ್ತು, ಮಗುವಿನ ಔಷಧಿಯ ಅಂತರ, ಪರೀಕ್ಷೆಯ ಒಂದು ಪ್ರಶ್ನೆಗೆ ಕೊಟ್ಟ ಕಾಲಾವಕಾಶ, ಇವನ್ನೆಲ್ಲ ಅದು ಸೊಗಸಾಗಿ ಅಳೆಯುತ್ತದೆ. ಈ ಕೆಲಸಗಳಿಗೆ ಎರಡು ಬಳೆಗಳೂ ಒಂದೇ.

ನಾಲ್ಕನೆಯದೂ ಮುಖ್ಯವಾದುದೂ ವೇಳೆ. ಇಲ್ಲಿ ಪಕ್ಷಪಾತವಿಲ್ಲದೆ ಹೇಳಬೇಕು: ರೋಲೆಕ್ಸ್ ಬಹಳ ಮೇಲು. ದಿನಕ್ಕೆ ಎರಡು ಸೆಕೆಂಡು ಹಿಂದೆ ಅಥವಾ ಎರಡು ಸೆಕೆಂಡು ಮುಂದೆ, ಅಷ್ಟರೊಳಗೆ ನಡೆಯುತ್ತದೆಂದು ಕಂಪನಿ ಮಾತು ಕೊಡುತ್ತದೆ. ಸೀಕೋದ 7ಎಸ್26 ಯಂತ್ರಕ್ಕೆ ಕಂಪನಿಯೇ ಇಟ್ಟ ಮಿತಿ, ದಿನಕ್ಕೆ 20 ಸೆಕೆಂಡು ಹಿಂದೆ, 40 ಸೆಕೆಂಡು ಮುಂದೆ. ಮಿತಿಯ ತುದಿಗೆ ನಡೆದರೆ ವಾರಕ್ಕೆ ನಾಲ್ಕೂವರೆ ನಿಮಿಷಕ್ಕೂ ಹೆಚ್ಚು. ವಾಸ್ತವದಲ್ಲಿ ಬಹುತೇಕ ಗಡಿಯಾರಗಳು ಅದಕ್ಕಿಂತ ಚೆನ್ನಾಗಿ ನಡೆಯುತ್ತವೆ. ಆದರೂ 8-12ರ ಲೋಕಲ್ ಹಿಡಿಯುವವನು ವಾರಕ್ಕೊಮ್ಮೆ ಅದನ್ನು ತಿದ್ದಿಕೊಳ್ಳಬೇಕು. ತಿದ್ದುವಾಗಲೂ ತೊಡಕು: ಗುಂಡಿ ಎಳೆದರೆ ಸೆಕೆಂಡಿನ ಮುಳ್ಳು ನಿಲ್ಲುವುದಿಲ್ಲ, ಕೈಯಿಂದ ಕೀ ಕೊಡುವ ಏರ್ಪಾಡೂ ಇಲ್ಲ. ನಿಂತ ಗಡಿಯಾರವನ್ನು ಎಬ್ಬಿಸಲು ಔಷಧಿಯ ಸೀಸೆಯಂತೆ ಅಲುಗಿಸಬೇಕು. ಬಿಚ್ಚಿಟ್ಟರೆ ಸೀಕೋ ಸುಮಾರು 41 ಗಂಟೆ ನಡೆದು ನಿಲ್ಲುತ್ತದೆ. ರೋಲೆಕ್ಸ್ 70 ಗಂಟೆ. ಶುಕ್ರವಾರ ಸಂಜೆ ಬಿಚ್ಚಿದರೆ ಸೋಮವಾರ ಬೆಳಿಗ್ಗೆ ಸೀಕೋ ಸತ್ತಿರುತ್ತದೆ, ರೋಲೆಕ್ಸ್ ನಡೆಯುತ್ತಿರುತ್ತದೆ. ಇವು ಸಣ್ಣ ಮಾತುಗಳಲ್ಲ. ಯಂತ್ರವೆಂಬುದನ್ನು ಕಟ್ಟುವ ಕೌಶಲದ ಮಾತುಗಳು. ಅಷ್ಟಾದರೂ ಐನೂರು ರೂಪಾಯಿಯ ಸಾಧಾರಣ ಕ್ವಾರ್ಟ್ಜ್ ಗಡಿಯಾರ ಇವೆರಡಕ್ಕಿಂತ ಸರಿಯಾದ ವೇಳೆ ತೋರಿಸುತ್ತದೆ ಎಂಬ ಸತ್ಯವನ್ನೂ ಮರೆಮಾಚಲಾಗದು.

ಐದನೆಯದು ಲೋಹ, ಗಾಜು, ಚೈನು. ರೋಲೆಕ್ಸ್ 904ಎಲ್ ಎಂಬ, ತುಕ್ಕಿಗೆ ಹೆಚ್ಚು ಬಗ್ಗದ ಉಕ್ಕನ್ನು ಬಳಸುತ್ತದೆ. ಅದರ ಗಾಜು ನೀಲಮಣಿಯ ಜಾತಿಯದು. ಗೋಡೆಗೆ ಉಜ್ಜಿದರೂ ಗೀರು ಬೀಳದು. ಸೀಕೋದ ಹಾರ್ಡ್‌ಲೆಕ್ಸ್ ಗಾಜು ಗೀರಿಗೆ ಬೇಗ ಸಿಗುತ್ತದೆ, ಆದರೆ ಪೆಟ್ಟಿಗೆ ಸುಲಭವಾಗಿ ಒಡೆಯದು. ಚೈನಿನ ವಿಷಯದಲ್ಲಂತೂ ಹೋಲಿಕೆಯೇ ಸಲ್ಲದು. ರೋಲೆಕ್ಸಿನ ಕೊಂಡಿಯನ್ನು ಎರಡೆರಡು ಮಿಲಿಮೀಟರಿನಂತೆ ಬೇಕಾದಷ್ಟು ಸಡಿಲಿಸಬಹುದು. ಸೆಕೆಯಲ್ಲಿ ಕೈ ಊದಿಕೊಳ್ಳುವ ನಮ್ಮ ಕಡಲತೀರದ ಊರುಗಳಲ್ಲಿ ಇದು ನಿಜವಾದ ಸುಖ. ಸೀಕೋದ ಉಕ್ಕಿನ ಚೈನು ಹಗುರ, ಟೊಳ್ಳು, ನಡೆದಾಗ ಗಲಗಲ ಸದ್ದು ಮಾಡುವಂಥದು. ಅದನ್ನು ಬಿಚ್ಚಿ ಬಟ್ಟೆಯ ಪಟ್ಟಿ ಕಟ್ಟಿಕೊಂಡರೆ ಗಡಿಯಾರಕ್ಕೂ ಕೈಗೂ ಮೋಕ್ಷ.

ಕಡೆಯದು ದುರಸ್ತಿ. ಗಡಿಯಾರದ ಗುಣ ಅಂಗಡಿಯಲ್ಲಿ ಅಲ್ಲ, ಹತ್ತನೆಯ ವರ್ಷದಲ್ಲಿ ತಿಳಿಯುತ್ತದೆ. ರೋಲೆಕ್ಸನ್ನು ಸುಮಾರು ಹತ್ತು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಿ ಎಣ್ಣೆ ಹಾಕಿಸಬೇಕೆಂದು ಕಂಪನಿ ಹೇಳುತ್ತದೆ. ಆ ಕೆಲಸ ಅಧಿಕೃತ ಕೇಂದ್ರದಲ್ಲೇ ಆಗಬೇಕು, ಮತ್ತು ಆ ಒಂದು ಸಲದ ಖರ್ಚಿನಲ್ಲಿ ಹೊಸ ಸೀಕೋ ಒಂದನ್ನು ಕೊಂಡು ಹಣ ಉಳಿಸಬಹುದು. ಸೀಕೋ ಕೆಟ್ಟರೆ ರೈಲ್ವೆ ಸ್ಟೇಷನ್ನಿನ ಬಳಿ ಗಾಜಿನ ಪೆಟ್ಟಿಗೆಯ ಹಿಂದೆ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತ ನುರಿತ ರಿಪೇರಿಯವನೂ ಅದನ್ನು ಬಲ್ಲ. ಯಂತ್ರವೇ ಹೋದರೆ ಅದೇ ಕುಲದ ಎನ್‌ಎಚ್36 ಎಂಬ ಯಂತ್ರವನ್ನು ಕಡಿಮೆ ಹಣಕ್ಕೆ ಕೂರಿಸಬಹುದು. ಅದು ಕೀ ಕೊಡಲೂ ಬರುತ್ತದೆ, ಸೆಕೆಂಡಿನ ಮುಳ್ಳನ್ನೂ ನಿಲ್ಲಿಸುತ್ತದೆ. ಬಡವನ ಗಡಿಯಾರ ಮುದಿಯಾದಂತೆ ಉತ್ತಮವಾಗುವ ಈ ವಿಚಿತ್ರ ರೋಲೆಕ್ಸಿಗೆ ಸಾಧ್ಯವಿಲ್ಲ.

ಒಟ್ಟು ಕೂಡಿಸಿ ನೋಡಿದಾಗ ನಮಗೆ ತೋರುವುದು ಇಷ್ಟು. ಮುಳುಗುಗಾರನ ಕಸುಬಿನ ಮಟ್ಟಿಗೆ ಎರಡೂ ಉತ್ತೀರ್ಣ. ಕಟ್ಟಡದ ಅಚ್ಚುಕಟ್ಟು, ನಡೆಯ ನಿಖರತೆ, ಲೋಹದ ಶ್ರೇಷ್ಠತೆಗಳಲ್ಲಿ ರೋಲೆಕ್ಸ್ ನಿಸ್ಸಂದೇಹವಾಗಿ ಮೇಲು. ಆ ಮೇಲ್ಮೆಗೆ ಸೀಕೋದ ಐದು ಪಟ್ಟು, ಹತ್ತು ಪಟ್ಟು ಕೊಟ್ಟರೂ ನ್ಯಾಯವೆನ್ನೋಣ. ಉಳಿದ ಮೂವತ್ತು ಪಟ್ಟು? ಅದು ಯಂತ್ರದ ಬೆಲೆಯಲ್ಲ, ಹೆಸರಿನ ಬೆಲೆ. ನೋಡಿದವರು ಗುರುತಿಸಲಿ ಎಂಬ ಆಸೆಗೆ ತೆರುವ ಕಂದಾಯ. ಹಣ ಹಿಡಿದು ಹೋದವನಿಗೂ ಅಂಗಡಿಯಲ್ಲಿ ಗಡಿಯಾರ ಕೂಡಲೇ ಸಿಗುವುದಿಲ್ಲ. ಹೆಸರು ಬರೆಸಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕು. ಕೊಳ್ಳುವವನು ಮಾರುವವನೆದುರು ಕೈಕಟ್ಟಿ ನಿಲ್ಲುವ ಈ ವ್ಯಾಪಾರವನ್ನು ಹೊಗಳಲು ನಮಗೆ ಮನಸ್ಸು ಬಾರದು. ಹಳೆಯದಾದರೂ ಒಳ್ಳೆಯ ಬೆಲೆಗೆ ಮಾರಬಹುದಲ್ಲ ಎಂದು ಕೆಲವರು ವಾದಿಸುತ್ತಾರೆ. ನಿಜ. ಆದರೆ ಮಾರುವುದಕ್ಕೆಂದೇ ಕೊಂಡ ವಸ್ತು ಗಡಿಯಾರವಲ್ಲ, ದಾಸ್ತಾನು.

ಇದರ ಪರಿಣಾಮ ನೋಡಿ. ಮುನ್ನೂರು ಮೀಟರ್ ಆಳಕ್ಕೆ ಹೋಗಬಲ್ಲ ಗಡಿಯಾರವನ್ನು ಕೊಂಡವನು ಮಳೆ ಬಂದರೆ ಬಿಚ್ಚಿ ಜೇಬಿಗೆ ಇಳಿಸುತ್ತಾನೆ; ಲೋಕಲಿನ ನೂಕುನುಗ್ಗಲಿಗೆ ಹೆದರಿ ಮನೆಯಲ್ಲಿಟ್ಟು ಬರುತ್ತಾನೆ; ಕೊನೆಗೆ ಅದು ಬ್ಯಾಂಕಿನ ಲಾಕರಿನಲ್ಲಿ, ಕತ್ತಲಲ್ಲಿ, ನಿಂತುಹೋಗಿ ಮಲಗುತ್ತದೆ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ.

ಹಾಗೆಂದು ಸೀಕೋ ಕಂಪನಿಯನ್ನು ನಾವು ಬಿಟ್ಟುಬಿಡುವಂತಿಲ್ಲ. 2019ರಲ್ಲಿ ಅದು ಎಸ್‌ಕೆಎಕ್ಸ್ 007ರ ತಯಾರಿಕೆಯನ್ನೇ ನಿಲ್ಲಿಸಿತು. ಅದೇ ವರ್ಷ ‘ಸೀಕೋ ಫೈವ್ ಸ್ಪೋರ್ಟ್ಸ್’ ಎಂಬ ಹೊಸ ಸಾಲನ್ನು ತಂದಿತು. ನೋಡಲು ಹಳೆಯದರ ತದ್ರೂಪು. ಯಂತ್ರ ಮೊದಲಿಗಿಂತ ಉತ್ತಮ. ಆದರೆ ಆಳ 100 ಮೀಟರಿಗೆ ಇಳಿಯಿತು, ತಿರುಚಿ ಬಿಗಿಯುವ ಗುಂಡಿ ಹೋಯಿತು, ‘ಡೈವರ್ಸ್’ ಎಂಬ ಮಾತೂ ಅಳಿಸಿತು. ರೂಪ ಉಳಿಯಿತು, ಕಸುಬು ಹೋಯಿತು. ನಿಜವಾದ ಮುಳುಗು ಗಡಿಯಾರ ಬೇಕಾದವನು ಅದೇ ಕಂಪನಿಯ ಹೆಚ್ಚು ಬೆಲೆಯ ಮಾದರಿಗಳತ್ತ ಹೋಗಬೇಕು. ದುಬಾರಿ ಗಡಿಯಾರಕ್ಕೆ ಕಸುಬಿದೆ, ಮಾಡಿಸುವವರಿಲ್ಲ. ಅಗ್ಗದ ಗಡಿಯಾರದಿಂದ ಕಸುಬನ್ನೇ ಕಿತ್ತುಕೊಂಡರು. ಎರಡೂ ಕಡೆ ನಷ್ಟವಾದುದು ಉಪಯೋಗಕ್ಕೇ. ಬೆಂಗಳೂರಿನ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ಒಪ್ಪಿದಾಗ, ಸಾಮಾನ್ಯನ ಕೈಗೆ ಒದಗುವ ಒಳ್ಳೆಯ ಯಂತ್ರದ ಕಾಲ ಮುಗಿಯಿತೆಂದು ನಮ್ಮಲ್ಲಿ ಹಲವರು ನೊಂದುಕೊಂಡಿದ್ದರು. ಜಪಾನಿನ ಈ ಸಂಗತಿ ಆ ನೋವಿಗೆ ಹತ್ತಿರದ್ದು.

ಇಂದು ಕಡಲಿಗೆ ಇಳಿಯುವವರು ಆಳವನ್ನೂ ಹೊತ್ತನ್ನೂ ತಾನೇ ಲೆಕ್ಕ ಹಾಕುವ ಡೈವ್ ಕಂಪ್ಯೂಟರನ್ನು ಕೈಗೆ ಕಟ್ಟುತ್ತಾರೆ; ಮುಳ್ಳಿನ ಗಡಿಯಾರವೇನಿದ್ದರೂ ಜೊತೆಗಿರುವ ಎರಡನೆಯ ರಕ್ಷೆ. ಇಂಥ ಕಾಲದಲ್ಲಿ ಇವೆರಡರಲ್ಲಿ ಯಾವುದನ್ನು ಕೊಂಡರೂ ನಾವು ಕೊಳ್ಳುತ್ತಿರುವುದು ಅಗತ್ಯವನ್ನಲ್ಲ, ಪ್ರೀತಿಯನ್ನು. ಪ್ರೀತಿಗೆ ಬೆಲೆ ಕಟ್ಟುವ ಅಧಿಕಾರ ವಿಮರ್ಶಕನಿಗಿಲ್ಲ. ಸಾಲವಿಲ್ಲದೆ ಕೊಳ್ಳಬಲ್ಲವರು, ಕೊಂಡ ಮೇಲೆ ನಿರ್ಭಯವಾಗಿ ದಿನವೂ ಕಟ್ಟಿಕೊಳ್ಳಬಲ್ಲವರು ಸಬ್‌ಮರೀನರ್ ಕೊಂಡರೆ ಒಂದು ಉತ್ತಮ ಯಂತ್ರವನ್ನೇ ಕೊಂಡಂತೆ. ಆದರೆ ಮೊದಲ ಸಂಬಳದ ಹುರುಪಿನಲ್ಲಿ ಕಂತಿನ ಸಾಲ ಮಾಡಿ ಅದನ್ನು ಕೊಳ್ಳಹೊರಟ ತರುಣರಿಗೆ ನಮ್ಮ ಮಾತು ಬೇರೆ: ಚಿನ್ನದ ಕತ್ತಿಯೆಂದು ಕತ್ತು ಕೊಯ್ದುಕೊಳ್ಳುವವರುಂಟೆ? ಇನ್ನು ಫುಟ್‌ಪಾತಿನಲ್ಲಿ ಸಿಗುವ ನಕಲಿ ರೋಲೆಕ್ಸ್ ಕಟ್ಟಿಕೊಂಡು ಸಮಾರಂಭಗಳಿಗೆ ಬರುವವರಿಗಿಂತ, ಹಳೆಯ ‘ಜನತಾ’ಕ್ಕೆ ಕೀ ಕೊಟ್ಟು ಬರುವವರೇ ನಮ್ಮ ಕಣ್ಣಿಗೆ ಸಿರಿವಂತರು.

ಉಳಿದವರಿಗೆ ನಮ್ಮ ಶಿಫಾರಸು ಸ್ಪಷ್ಟವಾಗಿದೆ. ಬಳಸಿದ ಗಡಿಯಾರಗಳ ಪೇಟೆಯಲ್ಲಿ ಅಸಲಿ ಎಸ್‌ಕೆಎಕ್ಸ್ ಈಗಲೂ ದೊರೆಯುತ್ತದೆ. ಬಲ್ಲವರೊಬ್ಬರಿಗೆ ತೋರಿಸಿ, ಹಿಂದಿನ ಮುಚ್ಚಳ ತೆರೆಸಿ ನೋಡಿ, ನೀರಿನ ರಬ್ಬರು ಬಳೆಗಳನ್ನು ಹೊಸದು ಹಾಕಿಸಿಕೊಂಡು ಕೊಳ್ಳಿರಿ. ಗೀರು ಬೀಳಲಿ, ಮಳೆಯಲ್ಲಿ ನೆನೆಯಲಿ, ಪಾತ್ರೆ ತೊಳೆಯುವಾಗಲೂ ಕೈಯಲ್ಲಿರಲಿ, ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳೊಡನೆ ಸಮುದ್ರಕ್ಕೂ ಇಳಿಯಲಿ. ವಾರಕ್ಕೊಮ್ಮೆ ಎರಡು ನಿಮಿಷ ತಿದ್ದಿಕೊಳ್ಳುವ ಶ್ರಮ ಅಷ್ಟೇನೂ ದೊಡ್ಡದಲ್ಲ.